ದಾವಣಗೆರೆಯ ಒಂದು ನಿವೇಶನ ಹೂಡಿಕೆ ಸಂಸ್ಥೆಯ ಸೇವೆ: ಗ್ರಾಹಕರ ಕಡೆಯಿಂದ ವಿಮರ್ಶೆ

ದಾವಣಗೆರೆಯ ಸುತ್ತಮುತ್ತ ಲೇಔಟ್ ಮಾಡುತ್ತೇವೆಂದು ಹೇಳಿ ಹಣ ಪಡೆದು, ‘ನಿವೇಶನ ಬೇಡವಾದರೆ ಲಾಭ ಸೇರಿಸಿ ನಾವೇ ವಾಪಸ್ ಕೊಳ್ಳುತ್ತೇವೆ, ಅಲ್ಲಿಯವರೆಗೆ ತಿಂಗಳು ತಿಂಗಳು ದುಡ್ಡು ಕೊಡುತ್ತೇವೆ’ ಎಂದು ಭರವಸೆ ಕೊಟ್ಟಿದ್ದ ಸಂಸ್ಥೆಯೊಂದರ ಸೇವೆಯನ್ನು ಕುರಿತ ವಿಮರ್ಶೆ ಇದು. ದೂರು ಇತ್ಯರ್ಥವಾಗದಿರುವುದರಿಂದ ಹೆಸರನ್ನು ಬರೆಯುತ್ತಿಲ್ಲ. ಚನ್ನಗಿರಿ ತಾಲ್ಲೂಕಿನ ನಮ್ಮ ಸೋದರಮಾವ ಅಡಿಕೆ ಮಾರಿ ಬಂದ ಹಣವನ್ನು ಇಲ್ಲಿ ಕಟ್ಟಿದ್ದರು. ಅವರ ಕಾಗದಪತ್ರಗಳನ್ನು ಓದಿದ ಮೇಲೆ ಬರೆಯುತ್ತಿದ್ದೇನೆ.

ಉಪಚಾರಕ್ಕೆ ಕೊರತೆಯಿರಲಿಲ್ಲ. ಕಾರಿನಲ್ಲಿ ಕರೆದೊಯ್ದು ಜಾಗ ತೋರಿಸಿದರು, ಮೊದಮೊದಲು ಹಣವೂ ಹೇಳಿದ ದಿನಕ್ಕೇ ಖಾತೆಗೆ ಬಂತು.

ಕಾಗದಗಳ ಕಥೆ ಬೇರೆ. ರಸೀದಿಯಲ್ಲಿ ‘ನಿವೇಶನದ ಮುಂಗಡ’ ಎಂದು ಅಚ್ಚಾಗಿದೆ, ನಿವೇಶನ ಸಂಖ್ಯೆಯ ಜಾಗ ಖಾಲಿಯಿದೆ, ಸರ್ವೆ ನಂಬರನ್ನು ಪೆನ್ಸಿಲ್‌ನಲ್ಲಿ ಬರೆದಿದ್ದಾರೆ. ಆ ನಂಬರಿನ ಪಹಣಿ ತೆಗೆಸಿದರೆ ಜಮೀನು ಬೇರೆ ರೈತರೊಬ್ಬರ ಹೆಸರಿನಲ್ಲಿದೆ. ಭೂಪರಿವರ್ತನೆಯಾಗಿಲ್ಲ, ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆಯಿಲ್ಲ, ರೇರಾ (ಸ್ಥಿರಾಸ್ತಿ ನಿಯಂತ್ರಣ ಪ್ರಾಧಿಕಾರ) ನೋಂದಣಿಯೂ ಇಲ್ಲ. 2016ರ ರೇರಾ ಕಾಯ್ದೆಯಂತೆ ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಮಾವನಿಂದ ಪೂರ್ತಿ ಹಣ ಪಡೆದಿದ್ದಾರೆ. ಅನಿಯಂತ್ರಿತ ಠೇವಣಿಗಳನ್ನು ನಿಷೇಧಿಸಿದ 2019ರ ಕೇಂದ್ರ ಕಾಯ್ದೆಯು ಸ್ಥಿರಾಸ್ತಿಯ ಮುಂಗಡಕ್ಕೆ ವಿನಾಯಿತಿ ಕೊಟ್ಟಿದೆಯಾದರೂ, ಕರಾರಿನಲ್ಲಿ ಹೇಳಿದ ಆಸ್ತಿಯ ಬೆಲೆಗೇ ಆ ಹಣ ಜಮೆಯಾಗಬೇಕೆಂಬ ಷರತ್ತು ಅಲ್ಲಿದೆ. ಗುರುತಿಸಿದ ನಿವೇಶನವೇ ಇಲ್ಲದ ಈ ರಸೀದಿಗೆ ಆ ರಕ್ಷಣೆ ಸಿಗಬಾರದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ನಿವೇಶನಗಳ ವ್ಯಾಪಾರ ಕುಸಿದ ಕೂಡಲೇ ತಿಂಗಳ ಹಣ ನಿಂತಿತು. ‘ಮಾರ್ಕೆಟ್ ಡಲ್ ಐತ್ರಿ ಯಜಮಾನ್ರ, ಸ್ವಲ್ಪ ತಡ್ಕಳ್ರಿ’ ಎಂಬ ಉತ್ತರವನ್ನು ನಾನು ಒಪ್ಪುವುದಿಲ್ಲ. ಹಿಂದೆ ನಿಜವಾದ ಜಮೀನಿದ್ದರೆ ಬೆಲೆ ಇಳಿದರೂ ಜಮೀನು ಉಳಿಯುತ್ತಿತ್ತು. ಹೊಸಬರು ಬರುವುದು ನಿಂತಾಗಲೇ ಹಳಬರಿಗೆ ಕೊಡುವುದೂ ನಿಂತಿತೆಂದರೆ, ಕೊಡುತ್ತಿದ್ದದ್ದು ಹೊಸಬರ ಹಣವೆಂದೇ ತಿಳಿಯಬೇಕಾಗುತ್ತದೆ. ಅಮೆರಿಕದಲ್ಲಿ ಮನೆಗಳ ಬೆಲೆ ಕುಸಿದು, 2008ರ ಸೆಪ್ಟೆಂಬರ್‌ನಲ್ಲಿ ಲೆಹ್ಮನ್ ಬ್ರದರ್ಸ್ ಎಂಬ ದೊಡ್ಡ ಹೂಡಿಕೆ ಬ್ಯಾಂಕ್ ದಿವಾಳಿಯಾಗಿ, ಗಾಬರಿಗೊಂಡ ಹೂಡಿಕೆದಾರರು ಸುಮಾರು 700 ಕೋಟಿ ಡಾಲರ್ ವಾಪಸ್ ಕೇಳಿದಾಗ, ಹೊಸಬರ ಹಣವನ್ನೇ ಹಳಬರಿಗೆ ಲಾಭವೆಂದು ಕೊಡುತ್ತಿದ್ದ ಅಲ್ಲಿನ ಹೂಡಿಕೆ ವ್ಯವಹಾರಸ್ಥ ಬರ್ನಾರ್ಡ್ ಮೇಡಾಫ್ ಬಳಿ ಕೊಡಲು ಹಣವಿರಲಿಲ್ಲ. ಡಿಸೆಂಬರ್ 11ರಂದು ಆತನ ಬಂಧನವಾಯಿತು, ಮರುವರ್ಷ 150 ವರ್ಷಗಳ ಶಿಕ್ಷೆಯಾಯಿತು. ಆ ವಂಚನೆ ಮಾರುಕಟ್ಟೆ ಕುಸಿದದ್ದರಿಂದ ಹುಟ್ಟಿದ್ದಲ್ಲ, ಬಯಲಾದದ್ದು ಮಾತ್ರ ಆಗ.

ಸಂಸ್ಥೆಯ ನಡವಳಿಕೆಯಲ್ಲಿ ನನಗೆ ಅತ್ಯಂತ ಸಿಟ್ಟು ತರಿಸಿದ್ದು ಚೆಕ್ಕಿನ ವಿಷಯ. ಒತ್ತಾಯಕ್ಕೆ ಕೊಟ್ಟ ಚೆಕ್ ಹಣವಿಲ್ಲವೆಂದು ವಾಪಸಾದಾಗ, ‘ನೋಟಿಸ್ ಯಾಕೆ, ಹೊಸ ಚೆಕ್ ಕೊಡ್ತೀವಿ’ ಎಂದು ಮಾವನನ್ನು ಸಮಾಧಾನಪಡಿಸಲು ನೋಡಿದರು. ಬ್ಯಾಂಕಿನ ಮೆಮೊ ಕೈಸೇರಿದ 30 ದಿನಗಳೊಳಗೆ ನೋಟಿಸ್ ಕೊಡದಿದ್ದರೆ ಆ ಸಲದ ಚೆಕ್ ಬೌನ್ಸ್ ಪ್ರಕರಣ ಕೈತಪ್ಪುತ್ತದೆ ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ನೋಟಿಸ್ ಕೊಡಿಸಿದ್ದೇವೆ. ಠೇವಣಿದಾರರ ಹಿತರಕ್ಷಣೆಯ 2004ರ ಕರ್ನಾಟಕ ಕಾಯ್ದೆಯಡಿ ಆಸ್ತಿ ಜಪ್ತಿಗೆ ಅವಕಾಶವಿರುವುದರಿಂದ ಹಲವರು ಸೇರಿ ದೂರನ್ನೂ ಕೊಟ್ಟಿದ್ದೇವೆ.

ಐದರಲ್ಲಿ ಒಂದು ಅಂಕವನ್ನೂ ಈ ಸೇವೆಗೆ ಕೊಡಲಾರೆ. ಈಗ ಅವರು ಹಳೆಯ ರಸೀದಿ ಪಡೆದು ಹೊಸ ಬಾಂಡ್ ಕೊಡುತ್ತೇವೆನ್ನುತ್ತಿದ್ದಾರೆ. ಹಣ ಕಟ್ಟಿದವರು ದಯವಿಟ್ಟು ಜೆರಾಕ್ಸ್ ಮಾತ್ರ ಕೊಡಿ, ಮೂಲ ರಸೀದಿಯನ್ನು ಕೈಬಿಡಬೇಡಿ.