ಒಂದೇ ಬಿಲ್ಡ್, ಎರಡು ಪಿಡಿಎಫ್: ಪ್ರಶ್ನೆಪತ್ರಿಕೆ ತೆಗೆಯುವವನ ಕೈಯಲ್ಲಿ ಟೆಕ್ಟಾನಿಕ್

ಪಿಯು ಕಾಲೇಜಿನಲ್ಲಿ ಗಣಿತ ಕಲಿಸುವವರಿಗೆ ಪ್ರಶ್ನೆಪತ್ರಿಕೆ ತೆಗೆಯುವ ಕೆಲಸ ವರ್ಷವಿಡೀ ಇದ್ದದ್ದೇ. ಕಿರುಪರೀಕ್ಷೆ, ಮಧ್ಯವಾರ್ಷಿಕ, ಪೂರ್ವಸಿದ್ಧತಾ ಪರೀಕ್ಷೆ, ನಡುವೆ ರಿಪೀಟರ್‌ಗಳಿಗೆ ಒಂದಷ್ಟು. ಪತ್ರಿಕೆ ಮಾಡುವುದು ಕಷ್ಟವಲ್ಲ, ಪತ್ರಿಕೆ ಮತ್ತು ಕೀ ಆನ್ಸರ್ ಎರಡನ್ನೂ ಹೊಂದಿಸಿಟ್ಟುಕೊಳ್ಳುವುದು ಕಷ್ಟ. ಕೊನೆಯ ಗಳಿಗೆಯಲ್ಲಿ ಹಿರಿಯ ಮೇಡಂ ನೋಡಿ 'ಈ ಲೆಕ್ಕದಲ್ಲಿ 3ರ ಬದಲು 5 ಹಾಕಿ, ಉತ್ತರ ಪೂರ್ಣಾಂಕ ಬರುತ್ತೆ' ಅಂದರೆ ಪತ್ರಿಕೆಯಲ್ಲಿ ತಿದ್ದಿ, ಕೀಯಲ್ಲೂ ತಿದ್ದಬೇಕು. ಎರಡೂ ಬೇರೆ ಬೇರೆ ಫೈಲಿನಲ್ಲಿದ್ದರೆ ಇವತ್ತಲ್ಲ ನಾಳೆ ಒಂದು ಹಿಂದೆ ಉಳಿಯುತ್ತದೆ.

ಈ ತಲೆನೋವನ್ನು ಪೂರ್ತಿ ಕಳೆದದ್ದು ಟೆಕ್ಟಾನಿಕ್. ಬಳಸಲು ಶುರುಮಾಡಿ ಕೆಲವು ಶೈಕ್ಷಣಿಕ ವರ್ಷಗಳೇ ಆದವು, ಹಾಗಾಗಿ ಈಗ ಬರೆಯಬಹುದು ಅನ್ನಿಸಿತು. ಆಜ್ಞೆ ಟೈಪ್ ಮಾಡುವ ಟರ್ಮಿನಲ್‌ನಲ್ಲಿ ಓಡುವ ಲೇಟೆಕ್ ಸಾಧನ ಇದು. ಲೇಟೆಕ್ ಎಂದರೆ ಸೂಚನೆಗಳ ಜೊತೆ ಬರೆದ ಪಠ್ಯವನ್ನು, ಗಣಿತದ ಸೂತ್ರಗಳ ಸಮೇತ, ಅಚ್ಚುಕಟ್ಟಾದ ಪುಟಗಳಾಗಿ ಜೋಡಿಸುವ ವ್ಯವಸ್ಥೆ. ಖಗೋಳ ವಿಜ್ಞಾನಿ ಪೀಟರ್ ವಿಲಿಯಮ್ಸ್ ಆರಂಭಿಸಿದ ಮುಕ್ತ ತಂತ್ರಾಂಶ, ದುಡ್ಡು ಕೊಡಬೇಕಿಲ್ಲ. ಒಳಗಿನ ಎಂಜಿನ್ ಝೀಟೆಕ್, ಹೊರಗಿನ ಕಟ್ಟೋಣ ರಸ್ಟ್ ಭಾಷೆಯದು. ಉಳಿದ ವಿವರ ಎಲ್ಲ ಕಡೆ ಸಿಗುತ್ತದೆ. ನಾನು ಹೇಳಬೇಕೆಂದಿರುವುದು ಅದರ ಪ್ರಾಜೆಕ್ಟ್ ವ್ಯವಸ್ಥೆಯ ಬಗ್ಗೆ.

ಟರ್ಮಿನಲ್‌ನಲ್ಲಿ ಟೆಕ್ಟಾನಿಕ್, ಹಿಂದೆ ಅಡ್ಡಗೆರೆ ಇರುವ ದೊಡ್ಡ ಎಕ್ಸ್ (-X), ನ್ಯೂ, ಆಮೇಲೆ ಒಂದು ಹೆಸರು ಕೊಟ್ಟರೆ ಆ ಹೆಸರಿನ ಫೋಲ್ಡರ್ ತಯಾರಾಗುತ್ತದೆ. ಅದರಲ್ಲಿ ಟೋಮಲ್ ಎಂಬ ಸರಳ ಮಾದರಿಯಲ್ಲಿ ಬರೆದ ಒಂದು ಸೆಟ್ಟಿಂಗ್ಸ್ ಫೈಲು, ಇನ್ನೊಂದು ಒಳಫೋಲ್ಡರ್‌ನಲ್ಲಿ ಮೂರು ಟೆಕ್ ಫೈಲುಗಳು ಇರುತ್ತವೆ. ದಾಖಲೆಯ ತಲೆ, ಅಂದರೆ ಆರಂಭದ ಸೂಚನೆಗಳು, ಒಂದರಲ್ಲಿ, ಮೈ ಇನ್ನೊಂದರಲ್ಲಿ, ಬಾಲ ಮತ್ತೊಂದರಲ್ಲಿ. ಮೊದಲು ನೋಡಿದಾಗ ನಾಲ್ಕು ಪುಟದ ಪತ್ರಿಕೆಗೆ ಇಷ್ಟೆಲ್ಲ ಯಾಕೆ ಅಂತಲೇ ಅನ್ನಿಸಿತ್ತು. ಇದರ ಉಪಯೋಗ ಹೊಳೆದದ್ದು ಸೆಟ್ಟಿಂಗ್ಸ್ ಫೈಲಿನಲ್ಲಿ ಔಟ್‌ಪುಟ್ ಅನ್ನುವ ಭಾಗವನ್ನು ಎಷ್ಟು ಸಲ ಬೇಕಾದರೂ ಬರೆಯಬಹುದು, ಪ್ರತಿಯೊಂದಕ್ಕೂ ಬೇರೆ ತಲೆ ಕೊಡಬಹುದು ಅಂತ ಗೊತ್ತಾದಾಗ.

ನಾನು ಬಳಸುವುದು ಎಕ್ಸಾಮ್ ಎಂಬ ಡಾಕ್ಯುಮೆಂಟ್ ಕ್ಲಾಸು, ಅಂದರೆ ಪ್ರಶ್ನೆಪತ್ರಿಕೆಗೆಂದೇ ಮಾಡಿದ ಲೇಟೆಕ್ ವಿನ್ಯಾಸ. ಅದರಲ್ಲಿ ಪ್ರತಿ ಪ್ರಶ್ನೆಯ ಕೆಳಗೇ ಸೊಲ್ಯೂಷನ್ ಅಂತ ಉತ್ತರ ಬರೆದಿಡಬಹುದು. ಕ್ಲಾಸಿಗೆ ಆನ್ಸರ್ಸ್ ಎಂಬ ಆಯ್ಕೆ ಕೊಟ್ಟರೆ ಉತ್ತರಗಳು ಮುದ್ರಣವಾಗುತ್ತವೆ, ಕೊಡದಿದ್ದರೆ ಮರೆಯಾಗುತ್ತವೆ. ಸೊಲ್ಯೂಷನ್ ಪಕ್ಕ ಚೌಕ ಕಂಸದಲ್ಲಿ ಅಳತೆ ಬರೆದಿದ್ದರೆ ಉತ್ತರದ ಬದಲು ಅಷ್ಟು ಖಾಲಿ ಜಾಗ ಬಿಡುತ್ತದೆ, ಪತ್ರಿಕೆಯಲ್ಲೇ ಬರೆಸುವ ಕಿರುಪರೀಕ್ಷೆಗೆ ಇದು ಬಹಳ ಅನುಕೂಲ. ಹೀಗಾಗಿ ನನ್ನ ಪ್ರಾಜೆಕ್ಟಿನಲ್ಲಿ ಎರಡು ತಲೆ, ಒಂದೇ ಮೈ. ಒಂದು ತಲೆಯಲ್ಲಿ ಆನ್ಸರ್ಸ್ ಇದೆ, ಇನ್ನೊಂದರಲ್ಲಿ ಇಲ್ಲ. ಬಿಲ್ಡ್ ಅಂತ ಒಂದು ಸಲ ಕೊಟ್ಟರೆ ಬಿಲ್ಡ್ ಫೋಲ್ಡರ್‌ನಲ್ಲಿ 'ಪತ್ರಿಕೆ', 'ಕೀ' ಎಂಬ ಎರಡು ಒಳಫೋಲ್ಡರ್, ಎರಡರಲ್ಲೂ ಅದದೇ ಹೆಸರಿನ ಪಿಡಿಎಫ್. ಮೇಡಂ ಹೇಳಿದ 5 ಒಂದೇ ಜಾಗದಲ್ಲಿ ಬಿದ್ದು ಎರಡೂ ಕಡೆ ಬರುತ್ತದೆ. ಲೆಕ್ಕದ ಹಂತಗಳಿಗೆ ಕೊಡಬೇಕಾದ ಅಂಕವನ್ನೂ ಸೊಲ್ಯೂಷನ್ ಒಳಗೇ ಬರೆದಿರುತ್ತೇನೆ. ಮೌಲ್ಯಮಾಪನಕ್ಕೆ ಬೇರೆ ಸ್ಕೀಮ್ ತಯಾರಿಸುವ ಕೆಲಸ ಅಲ್ಲಿಗೆ ಮುಗಿಯಿತು.

ಅಂಕದ ಲೆಕ್ಕದ ಕತೆಯೂ ಇಷ್ಟೇ ಚೆನ್ನ. ಪ್ರಶ್ನೆಯ ಪಕ್ಕ ಅಂಕ ನಮೂದಿಸಿದ್ದರೆ ಎಕ್ಸಾಮ್ ಕ್ಲಾಸು ಮೊತ್ತ ಹಾಕಿಕೊಡುತ್ತದೆ. ಆದರೆ ಲೇಟೆಕ್ ಮೊದಲ ಓಟದಲ್ಲಿ ಎಣಿಸಿ ಬರೆದಿಟ್ಟದ್ದನ್ನು ಮುಂದಿನ ಓಟದಲ್ಲಿ ಓದಿ ಮುದ್ರಿಸುವುದರಿಂದ, ಒಂದೇ ಸಲ ಓಡಿಸಿದರೆ ಮೊತ್ತದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಕೂತಿರುತ್ತದೆ. ಟೆಕ್ಟಾನಿಕ್ ಅದನ್ನು ತಾನೇ ಗಮನಿಸಿ ಬೇಕಾದಷ್ಟು ಸಲ ಓಡಿಸುತ್ತದೆ. ನಮ್ಮ ಪತ್ರಿಕೆಗಳಲ್ಲಿ 'ಯಾವುದಾದರೂ ಆರು ಪ್ರಶ್ನೆಗಳಿಗೆ ಉತ್ತರಿಸಿ' ಇರುವುದರಿಂದ ಒಟ್ಟು ಮೊತ್ತ ಗರಿಷ್ಠ ಅಂಕಕ್ಕಿಂತ ಜಾಸ್ತಿಯೇ ಬರುತ್ತದೆ. ಆದ್ದರಿಂದ ಗರಿಷ್ಠ ಅಂಕವನ್ನು ಕೈಯಲ್ಲೇ ಟೈಪ್ ಮಾಡುತ್ತೇನೆ, ವಿಭಾಗವಾರು ಮೊತ್ತವನ್ನು ಮಾತ್ರ ಕೀಯ ತುದಿಯಲ್ಲಿ ಬರುವಂತೆ ಇಟ್ಟುಕೊಂಡಿದ್ದೇನೆ. ಜೆರಾಕ್ಸ್ ಅಂಗಡಿಗೆ ಹೋಗುವ ಮುಂಚೆ ಅದರ ಮೇಲೊಮ್ಮೆ ಕಣ್ಣಾಡಿಸಿದರೆ ಧೈರ್ಯ.

ರಾತ್ರಿ ಊಟವಾದ ಮೇಲೆ ಕೆಲಸಕ್ಕೆ ಕೂರುವ ಕ್ರಮ ಹೀಗೆ. ಪರದೆಯ ಎಡಕ್ಕೆ ಎಡಿಟರ್, ಬಲಕ್ಕೆ ಓಕ್ಯುಲರ್ ಎಂಬ ಪಿಡಿಎಫ್ ವೀಕ್ಷಕದಲ್ಲಿ ಕೀ, ಕೆಳಗೆ ಸಣ್ಣ ಟರ್ಮಿನಲ್. ವಾಚ್ ಎಂಬ ಆಜ್ಞೆ ಕೊಟ್ಟು ಬಿಡುತ್ತೇನೆ. ಆಮೇಲೆ ಸೇವ್ ಮಾಡಿದಾಗೆಲ್ಲ ತಾನೇ ಬಿಲ್ಡ್ ಆಗಿ ಬಲಗಡೆ ಹೊಸ ಪುಟ ಬರುತ್ತದೆ. ತಪ್ಪಿದ್ದರೆ ಫೈಲಿನ ಹೆಸರು, ಸಾಲಿನ ಸಂಖ್ಯೆ ಹೇಳಿ ನಿಲ್ಲುತ್ತದೆ. ಹಳೆಯ ಲೇಟೆಕ್‌ನಂತೆ ಪ್ರಶ್ನಾರ್ಥಕ ಚಿಹ್ನೆ ತೋರಿಸಿ ನಮ್ಮ ಉತ್ತರಕ್ಕೆ ಕಾಯುವುದಿಲ್ಲ. ಇನ್ನೊಂದು ಸುಖವೆಂದರೆ ಆಕ್ಸ್, ಲಾಗ್ ಮುಂತಾದ ನಡುವಿನ ಫೈಲುಗಳು ಕಣ್ಣಿಗೇ ಬೀಳುವುದಿಲ್ಲ. ಬೇಕೆಂದವರಿಗೆ ಉಳಿಸಿಕೊಡುವ ಆಯ್ಕೆ ಇದೆ, ನನಗೆ ಬೇಕಾದದ್ದು ಅಪರೂಪ. ಫೋಲ್ಡರ್ ತೆರೆದರೆ ನಾನು ಬರೆದದ್ದು ಮಾತ್ರ ಕಾಣುತ್ತದೆ. ಗುಡಿಸಿ ಸಾರಿಸಿದ ಅಂಗಳ ನೋಡಿದಂತೆ.

ಕನ್ನಡದ ಮಾತಿಗೆ ಬಂದರೆ, ಎಂಜಿನ್ ಝೀಟೆಕ್ ಆದ್ದರಿಂದ ಯೂನಿಕೋಡ್ ಕನ್ನಡ ನೇರವಾಗಿ ಟೈಪ್ ಮಾಡಬಹುದು. ಇಂಗ್ಲಿಷ್ ಪ್ರಶ್ನೆ ಮೇಲೆ, ಅದರ ಕೆಳಗೆ ಕನ್ನಡದ್ದು. ಫಾಂಟ್ ಆರಿಸುವ ಫಾಂಟ್‌ಸ್ಪೆಕ್ ಎಂಬ ಪ್ಯಾಕೇಜಿನಲ್ಲಿ (ಲೇಟೆಕ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯ) ನೋಟೊ ಸೆರಿಫ್ ಕನ್ನಡ ಫಾಂಟಿನ ಹೆಸರು ಕೊಡುವಾಗ ಸ್ಕ್ರಿಪ್ಟ್ ಕನ್ನಡ ಎಂದು ತಪ್ಪದೆ ನಮೂದಿಸಿ. ಅದಿಲ್ಲದಿದ್ದರೆ ಒತ್ತಕ್ಷರ ಸರಿಯಾಗಿ ಕೂರುತ್ತದೆನ್ನುವ ಭರವಸೆಯಿಲ್ಲ. 'ವರ್ಗಮೂಲ'ದ ಅರ್ಕಾವತ್ತು, 'ನಿರ್ದೇಶಾಂಕ'ದ ದೀರ್ಘ ನೋಡಿ ಖಾತ್ರಿ ಮಾಡಿಕೊಳ್ಳುವುದು ನನ್ನ ರೂಢಿ. 'ಲಂಬಕೋನತ್ರಿಭುಜದಲ್ಲಿ' ತರಹದ ಉದ್ದ ಪದಗಳು ಸಾಲು ಮೀರಿ ಅಂಚಿಗೆ ನುಗ್ಗುವ ಎಚ್ಚರಿಕೆ ಮೊದಮೊದಲು ತುಂಬಾ ಬರುತ್ತಿತ್ತು. ಹಲವು ಭಾಷೆಗಳನ್ನು ನಿಭಾಯಿಸುವ ಪಾಲಿಗ್ಲಾಸಿಯಾ ಪ್ಯಾಕೇಜ್ ಹಾಕಿ ಕನ್ನಡ ಭಾಗವನ್ನು ಕನ್ನಡ ಎಂದು ಗುರುತಿಸಿದ ಮೇಲೆ ಬಹಳ ಕಡಿಮೆಯಾಯಿತು. ನುಡಿಯಲ್ಲಿ ಟೈಪ್ ಮಾಡಿದ ಹಳೆಯ ಪ್ರಶ್ನೆಗಳು ಹಳೇ ಎನ್‌ಕೋಡಿಂಗ್‌ನಲ್ಲಿದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು, ಅದಕ್ಕೆ ಬೇರೆ ದಾರಿಯಿಲ್ಲ.

ನನ್ನ ಲ್ಯಾಪ್‌ಟಾಪ್ ಹಳೆಯದು, ಡಿಸ್ಕ್ ಸಣ್ಣದು, ಇಂಟರ್ನೆಟ್ ಎಂದರೆ ಮೊಬೈಲ್ ಹಾಟ್‌ಸ್ಪಾಟ್. ಲೇಟೆಕ್‌ನ ಎಲ್ಲ ಪ್ಯಾಕೇಜುಗಳ ಮಾಮೂಲಿ ಸಂಗ್ರಹವಾದ ಟೆಕ್ ಲೈವ್ ಪೂರ್ತಿ ಹಾಕಿದರೆ ಏಳೆಂಟು ಜಿಬಿ ಹೋಗುತ್ತದೆ. ಟೆಕ್ಟಾನಿಕ್ ಒಂದೇ ಫೈಲು. ಯಾವ ಪ್ಯಾಕೇಜ್ ಕೇಳುತ್ತೀರೋ ಅದನ್ನಷ್ಟೇ ನೆಟ್‌ನಿಂದ ತಂದು ಇಟ್ಟುಕೊಳ್ಳುತ್ತದೆ. ಮೊದಲ ಬಿಲ್ಡ್ ನಿಧಾನ, ಎರಡನೆಯದರಿಂದ ಚುರುಕು. ತಂದಿಟ್ಟದ್ದರಲ್ಲೇ ಕೆಲಸ ಮಾಡು ಎಂದು ಹೇಳುವ ಆಯ್ಕೆಯೂ ಇದೆ, ಕರೆಂಟ್ ಹೋಗಿ ಟವರ್ ಸತ್ತ ರಾತ್ರಿಗಳಲ್ಲಿ ಅದೇ ಗತಿ. ಆನ್‌ಲೈನ್ ಎಡಿಟರ್‌ಗಳ ಚಂದಾ ಕಟ್ಟುವ ಅಗತ್ಯವೇ ನನಗೆ ಬರಲಿಲ್ಲ.

ಇಷ್ಟು ಹೊಗಳಿದ ಮೇಲೆ ಹೇಳಲೇಬೇಕಾದ ತಕರಾರು ಒಂದಿದೆ. ಕೆಲಸ ಒಬ್ಬನದೇ ಆಗಿರುವವರೆಗೆ ಈ ವ್ಯವಸ್ಥೆ ಚೆಂದ, ಇನ್ನೊಬ್ಬರ ಜೊತೆ ಹಂಚಿಕೊಳ್ಳುವಾಗ ಅದೇ ಅಡ್ಡ ಬರುತ್ತದೆ. ಪಕ್ಕದ ತಾಲೂಕಿನ ಸಹೋದ್ಯೋಗಿಗೆ ಮೈ ಫೈಲನ್ನು ಕಳಿಸಿದೆ. ಸ್ವಲ್ಪ ಹೊತ್ತಿಗೆ 'ಸರ್, ಇದು ನನ್ನಲ್ಲಿ ರನ್ ಆಗ್ತಿಲ್ಲ, ಮೊದಲ ಸಾಲಿಗೇ ಎರರ್' ಎಂದು ಮೆಸೇಜು. ಆಗದೇ ಇರುವುದು ಸಹಜ. ಡಾಕ್ಯುಮೆಂಟ್‌ಕ್ಲಾಸ್ ಸಾಲು ತಲೆಯ ಫೈಲಿನಲ್ಲಿದೆ, ಎಂಡ್ ಡಾಕ್ಯುಮೆಂಟ್ ಬಾಲದಲ್ಲಿದೆ, ಮೈಯೊಂದನ್ನೇ ತೆರೆದರೆ ಮಾಮೂಲಿ ಝೀಲೇಟೆಕ್‌ಗೆ ತಲೆಬುಡ ತಿಳಿಯುವುದಿಲ್ಲ. ಲೇಟೆಕ್ ಬಳಸುವ ಎಲ್ಲರೂ ಒಂದು ಮುಖ್ಯ ಫೈಲನ್ನು ನಿರೀಕ್ಷಿಸುತ್ತಾರೆ, ನಿಯತಕಾಲಿಕೆಗಳೂ ಅದನ್ನೇ ಕೇಳುತ್ತವೆ. ಈಗ ಪ್ರತಿ ಪ್ರಾಜೆಕ್ಟಿನಲ್ಲೂ ಮೂರು ಇನ್‌ಪುಟ್ ಸಾಲುಗಳ ಇನ್ನೊಂದು ಫೈಲು ಇಟ್ಟಿದ್ದೇನೆ. ತಲೆ, ಮೈ, ಬಾಲ ಮೂರನ್ನೂ ಅದು ಕ್ರಮವಾಗಿ ಸೇರಿಸುತ್ತದೆ, ಟೆಕ್ಟಾನಿಕ್ ಇಲ್ಲದವರು ಅದನ್ನು ಓಡಿಸಿದರೆ ಸಾಕು. ಕೆಲಸ ನಡೆಯುತ್ತದೆ, ಆದರೆ ಇದನ್ನು ಸಾಧನವೇ ಮಾಡಿಕೊಡಬೇಕಿತ್ತು.

ಟೆಂಪ್ಲೇಟ್ ವಿಷಯದಲ್ಲೂ ಇಂಥದೇ ಕೊರತೆ. ನ್ಯೂ ಎಂದಾಗ ಬರುವುದು ಬರೀ ಅಸ್ಥಿಪಂಜರ. ಎಕ್ಸಾಮ್ ಕ್ಲಾಸು, ಕನ್ನಡ ಫಾಂಟು, ಬಲ ಅಂಚಿನಲ್ಲಿ ಅಂಕ, ಸೊಲ್ಯೂಷನ್ ಬದಲು 'ಉತ್ತರ' ಎಂಬ ತಲೆಬರಹ, ಎರಡು ಔಟ್‌ಪುಟ್, ಇವೆಲ್ಲ ಇರುವ ನನ್ನದೇ ಮಾದರಿಯಿಂದ ಶುರುಮಾಡು ಎಂದು ಹೇಳಲು ಅಲ್ಲಿ ಜಾಗವಿಲ್ಲ. ಹಾಗಾಗಿ ಒಂದು ಮಾದರಿ ಫೋಲ್ಡರ್ ಗಿಟ್‌ನಲ್ಲಿಟ್ಟು, ಅದನ್ನು ನಕಲು ಮಾಡಿ ಪರೀಕ್ಷೆಯ ಹೆಸರು, ತರಗತಿ, ದಿನಾಂಕ ತುಂಬುವ ಪುಟ್ಟ ಶೆಲ್ ಸ್ಕ್ರಿಪ್ಟ್ ಬರೆದುಕೊಂಡಿದ್ದೇನೆ. ನ್ಯೂ ಆಜ್ಞೆಯನ್ನು ನಾನು ಈಗ ಬಳಸುವುದೇ ಇಲ್ಲ.

ಥೀಸಿಸ್ ಬರೆಯುವವರು ಸ್ವಲ್ಪ ಯೋಚಿಸಿ. ಗ್ರಂಥಸೂಚಿ ತಯಾರಿಸುವ ಬಿಬ್‌ಟೆಕ್ ಒಳಗೇ ಇದೆ, ಆದರೆ ಅದೇ ಕೆಲಸದ ಬಿಬ್‌ಲೇಟೆಕ್ ಪ್ಯಾಕೇಜ್ ಜೊತೆ ಬೈಬರ್ ಎಂಬ ತಂತ್ರಾಂಶ ಬೇಕಾದರೆ ಅದನ್ನು ಬೇರೆಯೇ ಹಾಕಿಕೊಳ್ಳಬೇಕು, ಅದರ ಆವೃತ್ತಿ ಟೆಕ್ಟಾನಿಕ್‌ನ ಪ್ಯಾಕೇಜ್ ಕಟ್ಟಿನಲ್ಲಿರುವ ಬಿಬ್‌ಲೇಟೆಕ್‌ಗೆ ಹೊಂದಬೇಕು. ಹೊಂದದಿದ್ದರೆ ಗ್ರಂಥಸೂಚಿ ಬರುವುದಿಲ್ಲ. ಝೀಟೆಕ್ ಬದಲು ಲುವಾಟೆಕ್ ಎಂಬ ಎಂಜಿನ್ ಬೇಕೆನ್ನುವವರಿಗೆ ಇದು ಆಗುವುದೇ ಇಲ್ಲ. ಪ್ಯಾಕೇಜ್ ಕಟ್ಟು ಯಾವುದೆಂದು ಸೆಟ್ಟಿಂಗ್ಸ್ ಫೈಲಿನಲ್ಲೇ ದಾಖಲಾಗಿರುವುದರಿಂದ ಹಳೆಯ ಪತ್ರಿಕೆ ಈಗ ತೆರೆದರೂ ಅದೇ ಸಾಲು, ಅದೇ ಪುಟ ಬರುತ್ತದೆ, ನನಗೆ ಇದು ವರ. ಪ್ಯಾಕೇಜಿನ ತೀರಾ ಹೊಸ ಆವೃತ್ತಿಯೇ ಬೇಕೆನ್ನುವವರಿಗೆ ಅದೇ ಕಟ್ಟುಪಾಡು.

ಫಾಂಟ್ ಬಗ್ಗೆಯೂ ಎಚ್ಚರ ಬೇಕು. ನೋಟೊ ಕನ್ನಡ ಟೆಕ್ಟಾನಿಕ್ ಜೊತೆ ಬರುವುದಿಲ್ಲ, ಕಂಪ್ಯೂಟರಿನಲ್ಲಿ ಇರಬೇಕು. ಕಾಲೇಜಿನ ಸ್ಟಾಫ್ ರೂಮಿನ ಕಂಪ್ಯೂಟರಿಗೆ ಮೊದಲು ಫಾಂಟ್ ಹಾಕಿ, ಆಮೇಲೆ ಉಳಿದ ಕೆಲಸ.

ಗಣಿತ, ಭೌತಶಾಸ್ತ್ರ ಕಲಿಸುವವರು, ಪತ್ರಿಕೆ ಮತ್ತು ಕೀ ಎರಡನ್ನೂ ತಾವೇ ಮಾಡುವವರು ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ನಾಲ್ಕೈದು ಜನ ಸೇರಿ ಒಂದು ಪುಸ್ತಕ ಬರೆಯುವವರಾದರೆ ಮೊದಲು ಎಲ್ಲರ ಕಂಪ್ಯೂಟರಿನಲ್ಲೂ ಇದನ್ನೇ ಹಾಕಿಸಿ, ಇಲ್ಲವೇ ಆ ಮೂರು ಸಾಲಿನ ಫೈಲನ್ನು ಮೊದಲ ದಿನವೇ ಮಾಡಿಟ್ಟುಕೊಳ್ಳಿ. ಮುಂದಿನ ಆವೃತ್ತಿಯಲ್ಲಿ ನ್ಯೂ ಆಜ್ಞೆಗೆ ನಮ್ಮದೇ ಮಾದರಿ ಫೋಲ್ಡರ್ ತೋರಿಸುವ ಸೌಲಭ್ಯ ಬಂದರೆ ನನ್ನ ಸ್ಕ್ರಿಪ್ಟ್ ಅಳಿಸಿ ಮತ್ತೆ ಅದಕ್ಕೇ ಹೋಗುತ್ತೇನೆ.