ಬಿದರಿಯ ಸದ್ದು ಹಿಡಿಯಲು ಹೋದಾಗ ಜೊತೆಗಿದ್ದ ರೆಕಾರ್ಡರ್: ಝೂಮ್ ಎಚ್1ಎನ್

ಪತ್ರಿಕೋದ್ಯಮ ಓದುವವರು ಯಾವ ರೆಕಾರ್ಡರ್ ತಗೊಳ್ಳಬೇಕು ಅಂತ ಕೇಳಿದರೆ ನಾನು ಈಗ ಒಂದೇ ಹೆಸರು ಹೇಳುತ್ತೇನೆ. ಝೂಮ್ ಎಚ್1ಎನ್. ಹೊಸದೇನಲ್ಲ, 2018ರಲ್ಲಿ ಬಂದದ್ದು. ಅದರ ಮುಂದಿನ ಮಾಡೆಲ್ ಎಚ್1 ಎಸೆನ್ಷಿಯಲ್ 2024ರಲ್ಲೇ ಬಂದಿದೆ. ಆದರೂ ಕಲಿಯುವವರಿಗೆ ಹಳೆಯದೇ ಒಳ್ಳೆಯದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಅಂತ ಹೇಳಬೇಕಾದರೆ ನಮ್ಮ ಪ್ರಾಜೆಕ್ಟಿನ ಕಥೆಯನ್ನೂ ಹೇಳಬೇಕಾಗುತ್ತದೆ.

ನಾವು ಕಲಬುರಗಿಯಲ್ಲಿ ಎಂ.ಎ. ಓದುತ್ತಿರುವವರು. ಕೊನೆಯ ಸೆಮಿಸ್ಟರಿಗೆ ಒಂದು ಡಾಕ್ಯುಮೆಂಟರಿ ಮಾಡಬೇಕಿತ್ತು. ಅದರ ಜೊತೆಗೆ ನಿಮ್ಮ ಕೆಲಸದಲ್ಲಿ ಸೃಜನಶೀಲತೆ ಎಲ್ಲಿದೆ ಅಂತ ಎರಡು ಪುಟ ಬರೆದು ಕೊಡಬೇಕು. ನಾವು ಆರಿಸಿಕೊಂಡದ್ದು ಬಿದರಿ, ಅಂದರೆ ಕಪ್ಪು ಲೋಹದ ಪಾತ್ರೆಯಲ್ಲಿ ಬೆಳ್ಳಿ ತಂತಿ ಕೂರಿಸುವ ಬೀದರಿನ ಕರಕುಶಲ ಕಲೆ. ಆದರೆ ವಿಡಿಯೊ ಬೇಡ, ಬರೀ ಆಡಿಯೊ ಅಂತ ತೀರ್ಮಾನ ಮಾಡಿದೆವು. ಬಿದರಿಗೆ 2006ರಲ್ಲಿ ಜಿಐ ಟ್ಯಾಗ್ (ಇದು ಇಂಥ ಊರಿನದೇ ಅನ್ನುವ ಮಾನ್ಯತೆ) ಸಿಕ್ಕಿದೆ, 2023ರಲ್ಲಿ ಬೀದರಿನ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಿದೆ, ಯೂಟ್ಯೂಬ್ ತೆಗೆದರೆ ಕಪ್ಪು ಹೂಜಿ, ಬೆಳ್ಳಿ ಬಳ್ಳಿ, ನಿಧಾನಕ್ಕೆ ತಿರುಗುವ ಕ್ಯಾಮೆರಾ, ಹಿಂದೆ ಸಿತಾರ್ ಇರುವ ವಿಡಿಯೊಗಳು ಬೇಕಾದಷ್ಟು ಸಿಗುತ್ತವೆ. ಅದನ್ನೇ ನಾವೂ ಇನ್ನೊಮ್ಮೆ ಯಾಕೆ ಮಾಡಬೇಕು? ವಿಷಯ ಹೇಳಿದಾಗ ನಮ್ಮ ಮೇಡಂ ಕೇಳಿದ್ದು ಒಂದೇ ಮಾತು: "ಕಣ್ಣಲೆ ನೋಡೋ ಕೆಲಸಾನ ಕಿವಿಗಿ ಹ್ಯಾಂಗ ಕೇಳಸ್ತೀರಿ?"

ಮೊದಲು ಮೊಬೈಲಿನಲ್ಲೇ ಹಿಡಿದು ನೋಡಿದೆವು. ಮಾತಿಗೆ ಮೊಬೈಲ್ ಸಾಕು. ಸುತ್ತಿಗೆ ಏಟಿಗೆ ಸಾಲದು. ಮೊಬೈಲ್ ತಾನೇ ಸದ್ದನ್ನು ಏರಿಸುತ್ತದೆ, ತಾನೇ ಇಳಿಸುತ್ತದೆ. ಏಟು ಬಿದ್ದ ಕೂಡಲೇ ಎಲ್ಲವನ್ನೂ ತಗ್ಗಿಸುತ್ತದೆ, ಏಟು ಮುಗಿದರೆ ಫ್ಯಾನಿನ ಗುಂಯ್ ಅನ್ನುವುದನ್ನು ಎತ್ತಿ ಮುಂದೆ ತರುತ್ತದೆ. ಕೇಳುವವರಿಗೆ ಉಸಿರು ಏರಿ ಇಳಿದ ಹಾಗೆ ಅನಿಸುತ್ತದೆ. ಮಾತು ಬಿಟ್ಟು ಉಳಿದದ್ದೆಲ್ಲ ಗಲಾಟೆ ಅಂತ ಅಳಿಸುವ ಫೋನುಗಳೂ ಇವೆ. ನಮಗೆ ಬೇಕಾಗಿದ್ದದ್ದೇ ಆ ಗಲಾಟೆ.

ಎಚ್1ಎನ್‌ನಲ್ಲಿ ಇದನ್ನೆಲ್ಲ ಆಫ್ ಮಾಡಬಹುದು. ಮೇಲೆ ಸದ್ದಿನ ಮಟ್ಟ (ಲೆವೆಲ್) ಹೊಂದಿಸುವ ಒಂದು ತಿರುಗಣೆ ಇದೆ, 0ಯಿಂದ 10ರ ತನಕ. ಆಟೊ ಲೆವೆಲ್ ಆಫ್ ಮಾಡಿ, ಹೆಡ್‌ಫೋನ್ ಹಾಕಿಕೊಂಡು, ಅತಿ ಜೋರಾದ ಏಟಿಗೆ ಮೀಟರು ಮೈನಸ್ 12 ಡೆಸಿಬಲ್ ಹತ್ತಿರ ನಿಲ್ಲುವ ಹಾಗೆ ಹೊಂದಿಸಿಕೊಂಡರೆ ಆಯಿತು. ಅಲ್ಲಿಂದ ಮುಂದೆ ಅದು ತನ್ನ ಬುದ್ಧಿ ಓಡಿಸುವುದಿಲ್ಲ. ಎದುರಿಗಿದ್ದದ್ದು ಹೇಗಿದೆಯೋ ಹಾಗೆ ಬರುತ್ತದೆ. ಎರಡು ಮೈಕು 90 ಡಿಗ್ರಿಯಲ್ಲಿ ಅಡ್ಡಡ್ಡ ಕೂತಿರುವುದರಿಂದ ಎಡಗಡೆ ಯಾರು ಅರ ಉಜ್ಜುತ್ತಿದ್ದಾರೆ, ಬಲಗಡೆ ಯಾರು ತಂತಿ ಬಡಿಯುತ್ತಿದ್ದಾರೆ ಅಂತ ಕಣ್ಣು ಮುಚ್ಚಿ ಹೇಳಬಹುದು. ಪುಟ್ಟ ಕಾರ್ಖಾನೆಯೊಳಗೆ ಇದು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಅಂದರೆ, ಕೇಳಿದವರಿಗೆ ಆ ಕೋಣೆಯ ಉದ್ದ ಅಗಲ ಗೊತ್ತಾಗುತ್ತದೆ.

ನಾವು ಕೂತದ್ದು ಬೀದರಿನ ಚೌಬಾರಾ ಹತ್ತಿರದ ಓಣಿಯಲ್ಲಿ, ಒಬ್ಬ ಚಾಚಾ ಅವರ ಅಂಗಡಿಯ ಹಿಂದಿನ ಕೋಣೆಯಲ್ಲಿ. ಕಲಬುರಗಿಯಿಂದ ಬೀದರಿಗೆ 2017ರಿಂದ ರೈಲು ಇರುವುದರಿಂದ ಹೋಗಿ ಬರುವುದು ಸುಲಭ. ಮೊದಲ ದಿನ ನಾವು ಏನೂ ರೆಕಾರ್ಡ್ ಮಾಡಲಿಲ್ಲ, ಸುಮ್ನೆ ಕೂತು ಕೇಳಿದೆವು. ಇದು ಚಾಚಾ ಹೇಳಿದ್ದು. "ಬೇಟಾ, ಮೊದಲ ಕೇಳ್ರಿ, ಆಮ್ಯಾಲ ಆ ಮಶೀನ್ ಹಚ್ಚ್ರಿ" ಅಂದರು.

ಬಿದರಿಯ ಒಂದೊಂದು ಹಂತಕ್ಕೂ ಒಂದೊಂದು ಸದ್ದಿದೆ. ಪಾತ್ರೆಯ ಲೋಹದಲ್ಲಿ ಸತು ಜಾಸ್ತಿ, ತಾಮ್ರ ಕಡಿಮೆ, ಸುಮಾರು 16ಕ್ಕೆ 1. ಎರಕ ಹೊಯ್ದು ತೆಗೆದ ಪಾತ್ರೆಗೆ ಅರ ಹಾಕುವಾಗ ಒರಟಾದ ಸದ್ದು. ಆಮೇಲೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ, ಗೆರೆ ಎದ್ದು ಕಾಣಲಿ ಅಂತ. ಅದಕ್ಕೆ ಸದ್ದೇ ಇಲ್ಲ ಅನ್ನಬಹುದು. ಉಳಿಯಲ್ಲಿ ಕೆತ್ತುವಾಗ ಏಟು ಚಿಕ್ಕದು, ಬೇಗ ಬೇಗ. ಬೆಳ್ಳಿ ತಂತಿ ಕೂರಿಸುವಾಗ ಏಟು ಮೆತ್ತಗಾಗುತ್ತದೆ, ಯಾಕೆಂದರೆ ಬೆಳ್ಳಿ ಮೆದು. ತಂತಿ ಗೆರೆಯೊಳಗೆ ಪೂರ್ತಿ ಕೂತಾಗ ಸದ್ದು ಬದಲಾಗುತ್ತದೆ. ಇದನ್ನು ಚಾಚಾ ಬಾಯಲ್ಲಿ ಹೇಳಲಿಲ್ಲ, ಹೆಡ್‌ಫೋನಿನಲ್ಲಿ ನಮಗೇ ಕೇಳಿಸಿತು. ನಾವು ಅದನ್ನು ಚಾಚಾಗೆ ಕೇಳಿಸಿದಾಗ ಅವರು ನಕ್ಕು, ನಮ್ಮ ಕೈ ಹಿಡಿದು ಇನ್ನೊಂದು ತಂತಿ ಬಡಿಸಿದರು. ನಮ್ಮ ಡಾಕ್ಯುಮೆಂಟರಿ ಶುರುವಾಗುವುದೇ ಆ ಬದಲಾವಣೆಯಿಂದ. ವಿವರಣೆ ಇಲ್ಲ, ಸಂಗೀತ ಇಲ್ಲ. ಟಕ್ ಟಕ್ ಟಕ್, ಆಮೇಲೆ ಒಂದು ಮಂದವಾದ ಟಪ್.

ಕಷ್ಟ ಬಂದದ್ದು ಕೊನೆಯ ಹಂತದಲ್ಲಿ. ಬಿದರಿ ಬಿದರಿ ಆಗುವುದೇ ಅಲ್ಲಿ. ಬೀದರ್ ಕೋಟೆಯ ಹಳೆ ಮಣ್ಣು ಮತ್ತು ನವಸಾಗರವನ್ನು ನೀರಿನಲ್ಲಿ ಕುದಿಸಿ, ಪಾತ್ರೆಯನ್ನು ಅದರಲ್ಲಿ ಹಾಕಿದರೆ ಲೋಹ ಕಡುಗಪ್ಪು ಆಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ನೋಡುವವರಿಗೆ ಮೈ ಜುಂ ಅನ್ನುವ ಗಳಿಗೆ. ಕೇಳುವವರಿಗೆ? ಕುದಿಯುವ ನೀರು, ಅಷ್ಟೇ. ಚಹಾ ಕುದಿಸಿದರೂ ಅದೇ ಸದ್ದು ಬರುತ್ತದೆ. ಎಂಥ ದುಬಾರಿ ಮೈಕ್ ತಂದರೂ ಬಣ್ಣ ಬದಲಾಗುವುದು ರೆಕಾರ್ಡ್ ಆಗುವುದಿಲ್ಲ ಅಲ್ವಾ?

ಇಲ್ಲಿ ನಮ್ಮ ತಂಡದಲ್ಲಿ ದೊಡ್ಡ ವಾದ ಆಯಿತು. ಒಬ್ಬಳು ತಂಬೂರಿ ಹಾಕೋಣ ಅಂದಳು. ಇನ್ನೊಬ್ಬ ನಿರೂಪಣೆ ಬರೆಯೋಣ ಅಂದ. ಕೊನೆಗೆ ಉತ್ತರ ಸಿಕ್ಕಿದ್ದು ರೆಕಾರ್ಡ್ ಮಾಡಿದ್ದನ್ನು ಮತ್ತೆ ಮತ್ತೆ ಕೇಳುವಾಗ. ಕೆಲಸಗಾರರು ಮಣ್ಣು ಸರಿಯಾದದ್ದೋ ಅಲ್ಲವೋ ಅಂತ ನಾಲಿಗೆಗೆ ಹಚ್ಚಿ ನೋಡುತ್ತಾರೆ. ಚಾಚಾ ಹಾಗೆ ಮಾಡಿದಾಗ ರೆಕಾರ್ಡರ್ ಹತ್ತಿರದ ಮಣೆಯ ಮೇಲೆ ಇತ್ತು. ನಾಲಿಗೆಯ ಚಪ್ ಅನ್ನುವ ಸಣ್ಣ ಸದ್ದು, ಸ್ವಲ್ಪ ಹೊತ್ತು ಏನೂ ಇಲ್ಲ, ಆಮೇಲೆ "ಹಾಂ, ಯಹೀ" (ಹೌದು, ಇದೇ). ಅದನ್ನು ಕುದಿಯುವ ನೀರಿಗಿಂತ ಮುಂಚೆ ಇಟ್ಟೆವು. ಈಗ ನೀರು ಕುದಿಯುವ ಸದ್ದು ಕೇಳಿದರೆ ಅದು ಚಹಾದ ನೀರು ಅಂತ ಯಾರಿಗೂ ಅನಿಸುವುದಿಲ್ಲ. ಒಂದೇ ಒಂದು ಸದ್ದನ್ನು ಜಾಗ ಬದಲಿಸಿ ಇಟ್ಟದ್ದಕ್ಕೆ ಅದರ ಪಕ್ಕದ ಸದ್ದಿನ ಅರ್ಥವೇ ಬದಲಾಯಿತು. ಎರಡು ಪುಟದಲ್ಲಿ ನಾನು ಬರೆದದ್ದು ಇದನ್ನೇ. ಎಫೆಕ್ಟು, ಪ್ಲಗಿನ್ನು ಯಾವುದನ್ನೂ ಬರೆಯಲಿಲ್ಲ.

ಇನ್ನೊಂದು ವಾದ ವಿಮಾನದ್ದು. ಬೀದರಿನಲ್ಲಿ ವಾಯುಪಡೆಯ ತರಬೇತಿ ನೆಲೆ ಇದೆ, ಹಾಕ್ ವಿಮಾನಗಳು ಹಾರುತ್ತವೆ. ಚಾಚಾ ಅಜ್ಜನ ಬಗ್ಗೆ ಹೇಳುತ್ತಿದ್ದಾಗ ಒಂದು ವಿಮಾನ ತಲೆಯ ಮೇಲೆ ಹೋಯಿತು. ಅವರು ಮಾತು ನಿಲ್ಲಿಸಿದರು. ಅದು ಹೋದ ಮೇಲೆ ನಿಲ್ಲಿಸಿದ ಪದದಿಂದಲೇ ಮುಂದುವರಿಸಿದರು. ಆಡಿಯೊ ಎಡಿಟ್ ಮಾಡುವ ಆಡಾಸಿಟಿ ಸಾಫ್ಟ್‌ವೇರಿನಲ್ಲಿ ನಾಯ್ಸ್ ರಿಡಕ್ಷನ್ ಇದೆಯಲ್ಲ, ಅಳಿಸೋಣ ಅಂತ ಒಬ್ಬ ಹೇಳಿದ. ಆ ಸೌಲಭ್ಯ ಫ್ಯಾನು, ಟ್ಯೂಬ್‌ಲೈಟಿನಂಥ ಒಂದೇ ಸಮನೆ ಇರುವ ಸದ್ದಿಗೆ ಸರಿ. ವಿಮಾನದ ಸದ್ದು ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಅಳಿಸಲು ಹೋದರೆ ಮಾತು ನೀರೊಳಗಿಂದ ಬಂದ ಹಾಗೆ ಆಗುತ್ತದೆ. ಅಳಿಸಲು ಆಗುತ್ತಿದ್ದರೂ ನಾನು ಅಳಿಸಲು ಬಿಡುತ್ತಿರಲಿಲ್ಲ. ಎಷ್ಟೋ ವರ್ಷದಿಂದ ಆ ಮನುಷ್ಯ ವಿಮಾನಕ್ಕೆ ದಾರಿ ಬಿಟ್ಟು ಮಾತಾಡುವುದನ್ನು ಕಲಿತಿದ್ದಾರೆ. ಅದು ಬೀದರ್. ಅದನ್ನು ತೆಗೆದರೆ ಆ ಕೋಣೆ ಯಾವ ಊರಿನಲ್ಲಾದರೂ ಇರಬಹುದು. ಮೇಡಂಗೆ ಇಷ್ಟವಾದ ಭಾಗವೂ ಅದೇ.

ಈಗ ಯಂತ್ರದ ಬಗ್ಗೆ ಇನ್ನಷ್ಟು. ಎರಡು ಟ್ರಿಪಲ್ ಎ ಸೆಲ್ಲಿನಲ್ಲಿ ಕಂಪನಿ ಹೇಳುವಂತೆ 10 ಗಂಟೆ ಬರುತ್ತದೆ. ಅಂಗಡಿಯಲ್ಲಿ ಎಲ್ಲೆಡೆ ಸಿಗುವ ಸೆಲ್ಲು, ಹಳ್ಳಿಯಲ್ಲೂ ಚಿಂತೆ ಇಲ್ಲ. ಮೈಕ್ರೊ ಎಸ್‌ಡಿ ಕಾರ್ಡು 32 ಜಿಬಿ ತನಕ ಮಾತ್ರ. 24 ಬಿಟ್, 48 ಕಿಲೊಹರ್ಟ್ಸ್ ವೇವ್ ಫೈಲಿನಲ್ಲಿ ಒಂದು ಗಂಟೆಗೆ ಹೆಚ್ಚುಕಡಿಮೆ 1 ಜಿಬಿ, ಹಾಗಾಗಿ 32 ಧಾರಾಳ ಸಾಕು. ಪ್ರಿ-ರೆಕಾರ್ಡ್ ಅಂತ ಒಂದು ಸೌಲಭ್ಯ ಇದೆ, ಗುಂಡಿ ಒತ್ತುವ ಮುಂಚಿನ ಎರಡು ಸೆಕೆಂಡನ್ನೂ ಹಿಡಿದಿಟ್ಟಿರುತ್ತದೆ. ಸುತ್ತಿಗೆ ಯಾವಾಗ ಬೀಳುತ್ತದೆ ಅಂತ ಗೊತ್ತಿಲ್ಲದ ಕಡೆ ಇದು ತುಂಬ ಉಪಯೋಗ.

ಮೈ ಪ್ಲಾಸ್ಟಿಕ್. ಕೈಯಲ್ಲಿ ಹಿಡಿದು ಬೆರಳು ಆಡಿಸಿದರೆ ಆ ಸದ್ದೆಲ್ಲ ರೆಕಾರ್ಡಿಗೆ ಹೋಗುತ್ತದೆ. ಹಿಂದುಗಡೆ ಟ್ರೈಪಾಡ್ ತೂತು ಇದೆ, ಅದನ್ನೇ ಬಳಸಿ. ಟ್ರೈಪಾಡ್ ಇಲ್ಲದಿದ್ದರೆ ಮಡಚಿದ ಟವೆಲ್ ಮೇಲೆ ಇಡಿ. ಬಯಲಿನಲ್ಲಿ ಗಾಳಿ ಬಂದರೆ ಬರೀ ಸ್ಪಂಜಿನ ಟೋಪಿ ಸಾಲದು, ಕೂದಲಿರುವ ಟೋಪಿ ಬೇಕು. ಕೋಟೆಯ ಮೇಲೆ ರೆಕಾರ್ಡ್ ಮಾಡುವ ಆಸೆ ಇದ್ದರೆ ಅದನ್ನು ಮೊದಲೇ ತರಿಸಿಕೊಳ್ಳಿ. ಯಾರಾದರೂ ದೂರದಿಂದ ಮಾತಾಡಿದರೆ ಸ್ಪಷ್ಟ ಬರುವುದಿಲ್ಲ, ಹತ್ತಿರ ಇಡಲೇಬೇಕು.

ಹೊಸ ಎಸೆನ್ಷಿಯಲ್ ಬಿಟ್ಟು ಹಳೆಯದೇ ಯಾಕೆ ಅಂತ ಈಗ ಹೇಳುತ್ತೇನೆ. ಎಸೆನ್ಷಿಯಲ್‌ನಲ್ಲಿ 32 ಬಿಟ್ ಫ್ಲೋಟ್ ಇದೆ, ಲೆವೆಲ್ ಹೊಂದಿಸುವ ಕೆಲಸವೇ ಇಲ್ಲ, ಆಮೇಲೆ ಕಂಪ್ಯೂಟರಿನಲ್ಲಿ ಏರಿಸಿ ಇಳಿಸಿಕೊಳ್ಳಬಹುದು. ಸುದ್ದಿಗೆ ಓಡಾಡುವವರಿಗೆ ಅದು ದೊಡ್ಡ ಉಪಕಾರ. ಆದರೆ ನಮಗೆ ಬೆಳ್ಳಿ ಕೂತ ಸದ್ದು ಕೇಳಿಸಿದ್ದೇ ಆ ತಿರುಗಣೆ ಹಿಡಿದು, ಹೆಡ್‌ಫೋನ್ ಹಾಕಿಕೊಂಡು, ಏಟಿನಿಂದ ಏಟಿಗೆ ಲೆವೆಲ್ ನೋಡುತ್ತಾ ಕೂತಿದ್ದರಿಂದ. ಲೆವೆಲ್ ಚಿಂತೆ ಇಲ್ಲದಿದ್ದರೆ ನಾವು ರೆಕಾರ್ಡ್ ಒತ್ತಿ ಚಹಾಕ್ಕೆ ಹೋಗುತ್ತಿದ್ದೆವು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಬರೀ ಸಂದರ್ಶನ ಮಾಡುವವರಾದರೆ ಇದರ ಮೈಕ್ ತೂತಿಗೆ ಒಂದು ಕಾಲರ್ ಮೈಕ್ ಚುಚ್ಚಿಕೊಳ್ಳಿ, ಮಾತು ಎಷ್ಟೋ ಚೆನ್ನಾಗಿ ಬರುತ್ತದೆ. ಜೊತೆಗೆ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ತಗೊಳ್ಳಿ. ದುಡ್ಡು ರೆಕಾರ್ಡರ್, ಹೆಡ್‌ಫೋನ್ ಎರಡರಲ್ಲಿ ಒಂದಕ್ಕೆ ಮಾತ್ರ ಇದ್ದರೆ ಮೊದಲು ಹೆಡ್‌ಫೋನ್ ತಗೊಳ್ಳಿ, ರೆಕಾರ್ಡರ್ ಸೀನಿಯರ್‌ಗಳ ಹತ್ತಿರ ಕೇಳಿದರೆ ಸಿಗುತ್ತದೆ. ನಮಗೂ ಹಾಗೇ ಸಿಕ್ಕಿದ್ದು.