ಮೆಮೊರಿ ಸೋರಿಕೆ ಹಿಡಿಯಲು ಪಿಡ್‌ಸ್ಟ್ಯಾಟ್: ಬಳಸಿ ನೋಡಿದ ಮೇಲೆ

ಸರ್ವರ್‌ನಲ್ಲಿ ಯಾವುದೋ ಪ್ರೋಗ್ರಾಂ ತಗೊಂಡ ಮೆಮೊರಿ ವಾಪಸ್ ಕೊಡದೆ ದಿನೇ ದಿನೇ ನುಂಗುತ್ತಿದೆ, ಅಂದರೆ ಸೋರಿಕೆಯಿದೆ ಅನ್ನಿಸಿದ ತಕ್ಷಣ ಎಲ್ಲರೂ ಲಿನಕ್ಸ್‌ನ ಟಾಪ್ ಕಮಾಂಡ್ ತೆರೆದು ಕೂರುತ್ತಾರೆ. ಅದು ಈಗಿನ ಲೆಕ್ಕ ಹೇಳುತ್ತದೆ, ಸರಿ. ಆದರೆ ನಿನ್ನೆ ರಾತ್ರಿ ಎರಡು ಗಂಟೆಗೆ ಎಷ್ಟಿತ್ತು? ಅದು ಬೇಕು ಅಂದರೆ ಓಡುತ್ತಿರುವ ಪ್ರೋಗ್ರಾಂನ (ಪ್ರೋಸೆಸ್‌ನ) ಲೆಕ್ಕವನ್ನು ಆಗಾಗ ಬರೆಯುವ ಪಿಡ್‌ಸ್ಟ್ಯಾಟ್ ಕಮಾಂಡ್ ಮೊದಲೇ ಹಾಕಿಡಿ. ಸಿಸ್‌ಸ್ಟ್ಯಾಟ್ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿದರೆ ಅದರ ಜೊತೆಗೇ ಬರುತ್ತದೆ, ದುಡ್ಡು ಕೊಡಬೇಕಾಗಿಲ್ಲ.

ಬಳಕೆ ಬಹಳ ಸುಲಭ. ಮೈನಸ್ ಆರ್ ಅಂದರೆ ಮೆಮೊರಿ, ಮೈನಸ್ ಪಿ ಮುಂದೆ ಪ್ರೋಸೆಸ್ ನಂಬರ್, ಕೊನೆಯಲ್ಲಿ 60 ಅಂತ ಕೊಟ್ಟರೆ ನಿಮಿಷಕ್ಕೊಂದು ಸಾಲು ಬರುತ್ತದೆ. ಅದನ್ನು ಒಂದು ಫೈಲ್‌ಗೆ ತಿರುಗಿಸಿ, ಟರ್ಮಿನಲ್ ಮುಚ್ಚಿದರೂ ಕೆಲಸ ನಿಲ್ಲಿಸದ ಟಿಮಕ್ಸ್ ಒಳಗೆ ಓಡಲು ಬಿಟ್ಟು ನಿಮ್ಮ ಕೆಲಸ ನೋಡಿಕೊಳ್ಳಿ. ಕೊನೆಯ ಆ ಸಂಖ್ಯೆ ಮರೆಯಬೇಡಿ, ಅದಿಲ್ಲದಿದ್ದರೆ ಒಂದೇ ಸಲ ತೋರಿಸಿ ಸುಮ್ಮನಾಗುತ್ತದೆ.

ಬರುವ ಕಾಲಂಗಳಲ್ಲಿ ವಿಎಸ್‌ಝಡ್ ನೋಡಿ ಗಾಬರಿಯಾಗಬೇಡಿ. ಅದು ಪ್ರೋಗ್ರಾಂ ಕೇಳಿಟ್ಟುಕೊಂಡ ವಿಳಾಸದ ಜಾಗ ಅಷ್ಟೆ, ಅಷ್ಟೂ ರ‍್ಯಾಮ್ ತಿಂದಿದೆ ಅಂತ ಅರ್ಥವಲ್ಲ. ನೋಡಬೇಕಾದ್ದು ಆರ್‌ಎಸ್‌ಎಸ್, ಅಂದರೆ ನಿಜವಾಗಿ ರ‍್ಯಾಮ್‌ನಲ್ಲಿ ಕೂತಿರುವುದು, ಲೆಕ್ಕ ಕಿಲೋಬೈಟ್‌ನಲ್ಲಿ. ಲೋಡ್ ಬಂದಾಗ ಆರ್‌ಎಸ್‌ಎಸ್ ಏರಿ ಆಮೇಲೆ ಇಳಿಯದಿದ್ದರೂ ಸೋರಿಕೆ ಅಂತ ತೀರ್ಮಾನಿಸಬೇಡಿ, ಯಾಕೆಂದರೆ ಪ್ರೋಗ್ರಾಂ ಬಿಟ್ಟುಕೊಟ್ಟ ಮೆಮೊರಿಯನ್ನು ಮ್ಯಾಲಕ್ (ಪ್ರೋಗ್ರಾಂಗೆ ಮೆಮೊರಿ ಹಂಚಿಕೊಡುವ ಲೈಬ್ರರಿ ಭಾಗ) ಮುಂದಕ್ಕೆ ಬೇಕಾಗಬಹುದು ಅಂತ ತನ್ನ ಹತ್ತಿರವೇ ಇಟ್ಟುಕೊಂಡಿರಬಹುದು. ಅಷ್ಟೇ ಲೋಡ್ ಮತ್ತೆ ಮತ್ತೆ ಬಂದಾಗಲೂ ಪ್ರತಿ ಸಲ ಇನ್ನೊಂದಿಷ್ಟು ಮೇಲೇರಿ ಎಲ್ಲೂ ನಿಲ್ಲುತ್ತಿಲ್ಲ ಅಂದಾಗ ಅನುಮಾನ ಪಡಿ. ಈ ವ್ಯತ್ಯಾಸ ಗೊತ್ತಾಗಬೇಕಾದರೆ ಇಡೀ ದಿನದ ಸಾಲುಗಳು ಬೇಕು, ಅದಕ್ಕೇ ನನಗೆ ಈ ಟೂಲ್ ಇಷ್ಟ.

ಕೊರತೆಗಳೂ ಇವೆ. ಸಮಯವನ್ನು ಎಎಂ, ಪಿಎಂ ಅಂತ ತೋರಿಸುವ ಸಿಸ್ಟಂನಲ್ಲಿ ಒಂದು ಕಾಲಂ ಜಾಸ್ತಿಯಾಗಿ, ಸಾಲಿನಿಂದ ಬೇಕಾದ ಕಾಲಂ ಆರಿಸುವ ಆಕ್ ಸ್ಕ್ರಿಪ್ಟ್ ತಪ್ಪು ಸಂಖ್ಯೆ ಎತ್ತಿಕೊಳ್ಳುತ್ತದೆ. ಎಸ್_ಟೈಮ್_ಫಾರ್ಮ್ಯಾಟ್ ವೇರಿಯಬಲ್‌ಗೆ ಐಎಸ್‌ಓ ಅಂತ ಕೊಟ್ಟರೆ ಸರಿಹೋಗುತ್ತದೆ, ಆದರೆ ಹೊಸಬರಿಗೆ ಇದು ಹೇಗೆ ಗೊತ್ತಾಗಬೇಕು, ಅಲ್ವಾ? ಗ್ರಾಫ್ ಇಲ್ಲ, ಗ್ನೂಪ್ಲಾಟ್‌ಗೆ ನೀವೇ ಕೊಡಬೇಕು. ಪ್ರೋಸೆಸ್ ರೀಸ್ಟಾರ್ಟ್ ಆದರೆ ನಂಬರ್ ಬದಲಾಗಿ ಜಾಡು ತಪ್ಪುತ್ತದೆ, ಅಂಥ ಕಡೆ ಮೈನಸ್ ಪಿ ಬಿಟ್ಟು ಮೈನಸ್ ದೊಡ್ಡ ಸಿ ಹಾಕಿ ಹೆಸರಿನಿಂದ ಹುಡುಕಿಸಿ.

ಪೋಸ್ಟ್‌ಗ್ರೆಸ್ ಡೇಟಾಬೇಸ್ ಥರ ಹಲವು ಪ್ರೋಸೆಸ್‌ಗಳು ಒಂದೇ ಮೆಮೊರಿ ಹಂಚಿಕೊಳ್ಳುವ ಕಡೆ ಎಲ್ಲದರ ಆರ್‌ಎಸ್‌ಎಸ್ ಕೂಡಿಸಿದರೆ ಲೆಕ್ಕ ಕೆಡುತ್ತದೆ, ಹಂಚಿಕೊಂಡ ಭಾಗವೇ ಮತ್ತೆ ಮತ್ತೆ ಎಣಿಕೆಗೆ ಬರುತ್ತದೆ. ಅಲ್ಲಿ ಬೇಕಾದ್ದು ಪಿಎಸ್‌ಎಸ್, ಅಂದರೆ ಹಂಚಿಕೊಂಡ ಭಾಗವನ್ನು ಹಂಚಿಕೊಂಡವರ ನಡುವೆ ಪಾಲು ಮಾಡಿದ ಲೆಕ್ಕ, ಅದನ್ನು ಪಿಡ್‌ಸ್ಟ್ಯಾಟ್ ಕೊಡುವುದಿಲ್ಲ. ಪ್ರಾಕ್ ಫೋಲ್ಡರ್ ಕೆಳಗೆ ಆಯಾ ಪ್ರೋಸೆಸ್‌ನ ಸ್ಮ್ಯಾಪ್ಸ್_ರೋಲಪ್ ಫೈಲ್ ಓದಿ. ಯಾವ ಕೋಡ್‌ನಿಂದ ಸೋರುತ್ತಿದೆ ಅಂತಲೂ ಪಿಡ್‌ಸ್ಟ್ಯಾಟ್ ಹೇಳುವುದಿಲ್ಲ, ಅದಕ್ಕೆ ಹೀಪ್‌ಟ್ರ್ಯಾಕ್ ಅಥವಾ ವ್ಯಾಲ್‌ಗ್ರೈಂಡ್‌ನ ಮ್ಯಾಸಿಫ್ ಇದೆ. ಮ್ಯಾಸಿಫ್ ಹಾಕಿದರೆ ಪ್ರೋಗ್ರಾಂ ತುಂಬಾ ನಿಧಾನವಾಗುತ್ತದೆ, ಹಾಗಾಗಿ ಅದನ್ನು ಟೆಸ್ಟ್ ಮೆಷಿನ್‌ನಲ್ಲೇ ಓಡಿಸಿ.